ದಾರಿ ತಪ್ಪಿದ ಅರ್ಕಾವತ್ತು

ಸಾಗರ ತಾಲ್ಲೂಕಿನ ಹೊನ್ನೆಮರಡಿನಲ್ಲಿ ಶರಾವತಿಯ ಹಿನ್ನೀರನ್ನು ನೋಡುತ್ತ ನಿಂತವರಿಗೆ, ಅದರ ಅಡಿಯಲ್ಲಿ ಗದ್ದೆ, ತೋಟ, ಮನೆಗಳಿದ್ದುವೆಂಬುದು ಹೊಳೆಯುವುದೇ ಇಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಕಾಲದಲ್ಲಿ ಮನೆಮಾರು ತೊರೆದ ಹಿರಿಯರೊಬ್ಬರು ಮುಳುಗಡೆಯ ನೆನಪುಗಳನ್ನು ಹೇಳಿದ್ದರು. ಮೊಮ್ಮಗ ಅವನ್ನು ಗಣಕದಲ್ಲಿ ಬೆರಳಚ್ಚು ಮಾಡಿಟ್ಟಿದ್ದ. ಹಿರಿಯರು ಈಗಿಲ್ಲ, ಕಡತ ಉಂಟು. ಆದರೆ ಮೊನ್ನೆ ಹೊಸ ಗಣಕದಲ್ಲಿ ತೆರೆದರೆ, ‘ಕ’ ಇರಬೇಕಾದಲ್ಲೆಲ್ಲ ಇಂಗ್ಲಿಷಿನ ‘ಪಿ’ಯೂ, ತಲೆಯ ಮೇಲೆ ಗೀಟು ಹೊತ್ತ ‘ಎ’ಯೂ ನಿಂತಿದ್ದುವು!

ಗಾಬರಿಗೆ ಕಾರಣವಿಲ್ಲ. ‘ನುಡಿ’ಯಂತಹ ತಂತ್ರಾಂಶಗಳು ಕನ್ನಡವನ್ನು ಗಣಕಕ್ಕೆ ತಂದ ದಿನಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ಆಕಾರಗಳನ್ನು ತೊಡಿಸುತ್ತಿದ್ದರು. ಯೂನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ಸಂಕೇತಗಳಿವೆ. ಒಂದರಿಂದ ಇನ್ನೊಂದಕ್ಕೆ ದಾಟಿಸುವ ಪರಿವರ್ತಕವೊಂದನ್ನು ಮೊಮ್ಮಗನೇ ಹಿಂದೆ ಬರೆದಿದ್ದ. ಈಗ ಅದೂ ಕೈಕೊಟ್ಟಿತು. ಅದು ನೆಚ್ಚಿದ್ದುದು ಪೈಥಾನ್ 2 ಭಾಷೆಯನ್ನೂ ಅದರ ಸಿದ್ಧ ಭಂಡಾರವನ್ನೂ. ಅವುಗಳ ಪೋಷಣೆ 2020ರ ಜನವರಿ 1ಕ್ಕೆ ನಿಂತಿತು. 2008ರಲ್ಲಿ ಬಂದ ಪೈಥಾನ್ 3 ಬರಿಯ ಬೈಟುಗಳನ್ನೂ ಅಕ್ಷರಗಳನ್ನೂ ಬೇರೆಬೇರೆಯಾಗಿ ಎಣಿಸುತ್ತದೆ. ಕಡತ ಯಾವ ಸಂಕೇತದಲ್ಲಿದೆಯೆಂದು ಹೇಳದಿದ್ದರೆ ಹಲವು ಗಣಕಗಳಲ್ಲಿ ಓದಲೊಲ್ಲದೆ ನಿಲ್ಲುತ್ತದೆ.

ಹೊಸದನ್ನೇ ಬರೆದರಾಯಿತೆಂದು ಮೊಮ್ಮಗ ಒಂದೇ ಸಂಜೆಯಲ್ಲಿ ಅಕ್ಷರಕ್ಕೆ ಅಕ್ಷರ ಜೋಡಿಸಿ ಮುಗಿಸಿದ. ‘ತೀರ್ಥಹಳ್ಳಿ’ಯ ಅರ್ಕಾವತ್ತು ಹಕಾರದ ಪಾಲಾಗಿ ‘ತೀಥರ್ಹಳ್ಳಿ’ ಆಯಿತು! ಹಳೆಯ ಪದ್ಧತಿಯಲ್ಲಿ ಅರ್ಕಾವತ್ತು, ಕಣ್ಣಿಗೆ ಕಾಣುವಂತೆ, ‘ಥ’ದ ಬಳಿಕ ಬರುತ್ತದೆ, ಯೂನಿಕೋಡಿನಲ್ಲಿ, ಕಿವಿಗೆ ಕೇಳುವಂತೆ, ರಕಾರವೇ ಮೊದಲು. ಅದನ್ನು ಹಿಂದಕ್ಕೊಯ್ದು ಕೂರಿಸುವ ನಿಯಮ ಹಳೆಯ ಪರಿವರ್ತಕಕ್ಕೆ ತಿಳಿದಿತ್ತು, ಬರೆದವನಿಗೇ ಮರೆತುಹೋಗಿತ್ತು.

ಕೊನೆಗೆ ಹಳೆಯದರ ಒಳಮನೆಯನ್ನು ಮುಟ್ಟದೆ ಹೊಸಿಲನ್ನಷ್ಟೇ ತಿದ್ದಿದ. ಓದುವಾಗ ‘ಲ್ಯಾಟಿನ್-1’ ಎಂದೂ ಬರೆಯುವಾಗ ‘ಯುಟಿಎಫ್-8’ ಎಂದೂ ತಿಳಿಸುವ ಎರಡು ಸಾಲು. ಮುದ್ರಣದ ಆಜ್ಞೆಗೆ ಹೊಸ ಭಾಷೆ ಬಯಸುವ ಕಂಸಗಳು. ನಿಯಮಗಳೆಲ್ಲ ಇದ್ದಂತೆಯೇ ಉಳಿದುವು. ಬಳಿಕ, ಅಜ್ಜನಿಗೆ ಓದಲೆಂದು ಹಿಂದೆ ಕಾಗದಕ್ಕಿಳಿಸಿದ್ದ ನಾಲ್ಕು ಪುಟಗಳನ್ನು ಹುಡುಕಿ ತೆಗೆದು, ಹೊಸ ಪ್ರತಿಯೊಡನೆ ಸಾಲುಸಾಲಾಗಿ ಹೋಲಿಸಿ ನೋಡಿದ. ಅರ್ಕಾವತ್ತುಗಳೆಲ್ಲ ತಮ್ಮ ತಮ್ಮ ಸ್ಥಾನದಲ್ಲಿದ್ದುವು.

ಹಳೆಯದು ಓಡುವುದಿಲ್ಲವೆಂದ ಮಾತ್ರಕ್ಕೆ ಅದಕ್ಕೆ ಏನೂ ತಿಳಿಯದೆಂದು ಎಣಿಸಬಾರದು. ಅದು ಕಲಿತುದನ್ನು ಉಳಿಸಿಕೊಂಡು ಬಾಗಿಲನ್ನಷ್ಟೇ ಹೊಸದಕ್ಕೆ ಹೊಂದಿಸುವುದು ಜಾಣತನ.

ನೀರಿನಡಿಯ ಊರನ್ನು ಮೇಲೆತ್ತುವುದು ಯಾರ ಕೈಯಲ್ಲೂ ಇಲ್ಲ. ಅದರ ಹೆಸರುಗಳಾದರೂ ತಪ್ಪಿಲ್ಲದೆ ಉಳಿಯಲಿ. ವಾಚಕರೇ, ನಿಮ್ಮ ಮನೆಯ ಹಳೆಯ ಕಡತಗಳನ್ನೂ ಒಮ್ಮೆ ತೆರೆದು ನೋಡಿರಿ, ಓದಿ ಸರಿಯೆನ್ನಬಲ್ಲ ಹಿರಿಯರು ಇರುವಾಗಲೇ.