ರಾಡಾರ್ ತೋರಿಸುವ ಕಡಲ ಸೆಳೆತ: ಎಷ್ಟು ನಂಬಬಹುದು?

ಕಾಸರಗೋಡು: 2025ರ ಜೂನ್ 9ರಂದು ಕಣ್ಣೂರಿನ ಅಳಿಕ್ಕಲ್‌ನಾಚೆ ಆಳಸಮುದ್ರದಲ್ಲಿ 'ವಾನ್ ಹೈ 503' ಸರಕು ಹಡಗಿಗೆ ಬೆಂಕಿ ಬಿತ್ತು. 22 ಸಿಬ್ಬಂದಿಯಲ್ಲಿ 18 ಮಂದಿಯನ್ನು ಪಾರು ಮಾಡಿ ಮಂಗಳೂರಿಗೆ ತರಲಾಯಿತು. ನಾಲ್ವರು ಕಾಣೆಯಾದರು. ಹುಡುಕುವವರಿಗೂ, ಕಂಟೈನರ್ ಯಾವ ದಡಕ್ಕೆ ಬರುತ್ತದೋ ಎಂದು ಕಾಯುವವರಿಗೂ ಇಂಥ ಹೊತ್ತಿನಲ್ಲಿ ಬೇಕಾದ ಉತ್ತರ ಒಂದೇ: ನೀರು ಈಗ ಎತ್ತ ಎಳೀತಾ ಇದೆ?

ಹೈದರಾಬಾದ್‌ನ ಸಾಗರ ಮಾಹಿತಿ ಕೇಂದ್ರ 'ಇನ್‌ಕಾಯಿಸ್' ಆಗ ಗಾಳಿ ಮತ್ತು ಪ್ರವಾಹದ ಲೆಕ್ಕ ಹಾಕಿ ಮುನ್ಸೂಚನೆ ಕೊಟ್ಟಿತು. ಸೆಳೆತವನ್ನು ದಡದಿಂದಲೇ ಅಳೆಯುವ ಸಾಧನವೂ ಇದೆ. ಅದೇ ಕರಾವಳಿ ರಾಡಾರ್.

ಅಲೆಯೇ ಕನ್ನಡಿ

ದಡದಿಂದ ಹೋದ ರೇಡಿಯೋ ತರಂಗ ತನ್ನ ಅರ್ಧದಷ್ಟು ಉದ್ದದ ಅಲೆಗಳಿಗೆ ತಾಗಿ ಬಲವಾಗಿ ಮರಳುತ್ತದೆ. 5 ಮೆಗಾಹರ್ಟ್ಸ್‌ನ ರಾಡಾರ್‌ಗೆ ಸುಮಾರು 30 ಮೀಟರ್ ಉದ್ದದ ಅಲೆ ಬೇಕು. ಆ ಅಲೆ ಓಡಬೇಕಾದ ವೇಗ ಗೊತ್ತಿದೆ. ಮರಳಿದ ಸದ್ದಿನಲ್ಲಿ ಕಾಣುವ ಹೆಚ್ಚು-ಕಡಿಮೆಯೇ ನೀರಿನ ಸೆಳೆತ. ಒಂದು ಕೇಂದ್ರಕ್ಕೆ ತನ್ನತ್ತ ಬರುವ ಅಥವಾ ತನ್ನಿಂದ ದೂರ ಸರಿಯುವ ಚಲನೆಯಷ್ಟೇ ಕಾಣುತ್ತದೆ. ಪೂರ್ತಿ ದಿಕ್ಕು ತಿಳಿಯಲು ಜೋಡಿ ಕೇಂದ್ರ ಬೇಕು. ಎರಡನ್ನೂ ಸೇರಿಸುವ ಗೆರೆಯ ಮೇಲೆ ಮಾತ್ರ ಆ ಜೋಡಿಯೂ ಸೋಲುತ್ತದೆ.

ಗದ್ದಲದ ಕಾಟ

ಕಡಲಿನ ಮಾತಿನ ಜತೆ ಬೇರೆ ಗದ್ದಲವೂ ರಾಡಾರ್‌ನ ಕಿವಿಗೆ ಬೀಳುತ್ತದೆ. ದೂರದ ರೇಡಿಯೋ ಪ್ರಸಾರ, ಸಿಡಿಲು, ಹಾದುಹೋಗುವ ಹಡಗು ಎಲ್ಲವೂ ಅದರಲ್ಲಿ ಸೇರುತ್ತವೆ. ಮೇಲಿನ ಅಯಾನುಮಂಡಲಕ್ಕೆ ತಾಗಿ ಮರಳುವ ತರಂಗವೂ ಕಡಲಿನದೇ ಎಂಬಂತೆ ಮೋಸ ಮಾಡುತ್ತದೆ. ತಜ್ಞರು ಅಕ್ಕಪಕ್ಕದ ಅಳತೆಗೆ ಹೊಂದದ್ದನ್ನು ಕಿತ್ತುಹಾಕಿ, ಗಂಟೆಯ ಸರಾಸರಿ ತೆಗೆದು, ಬಿಟ್ಟ ಜಾಗ ತುಂಬುತ್ತಾರೆ. ತೊಡಕಿರುವುದು ಇಲ್ಲೇ. ಸೋಸುವುದು ಕಡಿಮೆಯಾದರೆ ಸುಳ್ಳು ಸೆಳೆತ ಉಳಿಯುತ್ತದೆ, ಜಾಸ್ತಿಯಾದರೆ ನಿಜವಾದ ಸುಳಿಯೇ ಅಳಿಸಿಹೋಗುತ್ತದೆ.

ಸೆಕೆಂಡಿಗೆ 10 ಸೆಂಟಿಮೀಟರ್ ತಪ್ಪು ಸಣ್ಣದೆಂದು ತೋರಬಹುದು. ಆದರೆ ಅದೇ ತಪ್ಪು ಒಂದೇ ದಿಕ್ಕಿನಲ್ಲಿ ಮುಂದುವರಿದರೆ 24 ಗಂಟೆಯಲ್ಲಿ ಎಂಟೂವರೆ ಕಿಲೋಮೀಟರ್ ದಾಟುತ್ತದೆ. ಎಂಜಿನ್ ಕೆಟ್ಟು ತೇಲುತ್ತಿರುವ ದೋಣಿಯವರಿಗೆ ಅದು ಜೀವದ ಪ್ರಶ್ನೆ.

ನಮ್ಮ ಕರಾವಳಿಗೆ?

ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 2008ರ ಬಳಿಕ ಸ್ಥಾಪಿಸಿದ ಐದು ಜೋಡಿ ರಾಡಾರ್‌ಗಳು ಗುಜರಾತ್, ತಮಿಳುನಾಡು, ಆಂಧ್ರ, ಒಡಿಶಾ ಮತ್ತು ಅಂಡಮಾನ್ ಪಾಲಾದವು. ಕೇರಳ, ಕರ್ನಾಟಕ ಆ ಪಟ್ಟಿಯಲ್ಲಿರಲಿಲ್ಲ. ಮಂಜೇಶ್ವರ, ಕುಂಬಳೆ, ಕಸಬಾದ ಮೀನುಗಾರರು ರಾಡಾರ್ ಬೇಕೆಂದು ಕೇಳಿದರೆ ಅದು ನ್ಯಾಯವೇ. ಆದರೆ ಯಂತ್ರ ಬಂದರಷ್ಟೇ ಸಾಲದು. ನಕ್ಷೆಯ ಪ್ರತಿ ಬಾಣದ ಜತೆ 'ಇಷ್ಟು ಹೆಚ್ಚು-ಕಡಿಮೆ ಇರಬಹುದು' ಎಂಬ ಮಾತೂ ಮಲಯಾಳದಲ್ಲಿ ಮಾತ್ರವಲ್ಲ, ಕನ್ನಡದಲ್ಲೂ ದಡಕ್ಕೆ ತಲುಪಬೇಕು. ಹುಡುಕಾಟದ ವ್ಯಾಪ್ತಿ ಎಷ್ಟಿರಬೇಕೆಂದು ತೀರ್ಮಾನಿಸುವುದು ಆ ಮಾತೇ.