ನೆನೆದ ಕಾಗದಗಳ ಗತಿ

2019ನೆಯ ಆಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿ ರಾಮದುರ್ಗ ತಾಲೂಕಿನ ಹಳ್ಳಿಗಳನ್ನು ಹೊಕ್ಕುದನ್ನು ಸುರೇಬಾನದ ಬಾಂಧವರು ಮರೆತಿರಲಾರರು. ಮಣ್ಣಿನ ಗೋಡೆಯು ನೀರನ್ನು ಬುಡದಿಂದ ಹೀರುತ್ತದೆ. ಅದಕ್ಕೆ ಆತುಕೊಂಡ ಪೆಟ್ಟಿಗೆಯೊಳಗಿನ ಖರೇದಿಪತ್ರಕ್ಕೆ ನೆರೆಯಿಳಿದ ಮೇಲೂ ಕ್ಷೇಮವಿಲ್ಲ. ಒದ್ದೆ ಕಾಗದಕ್ಕೆ ಎರಡು ಮೂರು ದಿನಗಳಲ್ಲಿಯೇ ಬೂಷ್ಟು ಹತ್ತುವದು. ಗಾಬರಿಯಿಂದ ಸುಡುಬಿಸಿಲಿಗೆ ಹರಡಿದರೆ ಶಾಯಿ ಮಾಸಿ ಹಾಳೆ ಸೆಟೆಯುವದು; ಇಸ್ತ್ರಿಯಾಡಿಸುವ ಜಾಣರೂ ಉಂಟು! ನೆರಳಿನಲ್ಲಿ, ಗಾಳಿಯಾಡುವಲ್ಲಿ, ಹಾಳೆಗಳ ನಡುವೆ ನೀರುಹೀರುವ ಕಾಗದವನ್ನಿರಿಸಿ ಆರಿಸತಕ್ಕದ್ದು, ಅಂಟಿದವುಗಳನ್ನು ಎಳೆಯಲಾಗದು.

1939ರ ರಾಮದುರ್ಗದ ಪ್ರಜಾಚಳವಳಿಯ, 1956ರಲ್ಲಿ ಕೈಗೂಡಿದ ಏಕೀಕರಣದ ಪತ್ರಗಳು ಯಾರ ಮನೆಯಲ್ಲಾದರೂ ಉಳಿದಿದ್ದರೆ ಅವೂ ಇಂಥ ಪೆಟ್ಟಿಗೆಗಳಲ್ಲಿಯೇ ಇರುವವು. ಅವುಗಳನ್ನು ಸರಕಾರದ ದಫ್ತರಖಾನೆಯು ಕಾಯುವದೆಂದು ನಾವು ನಂಬಿ ಕೂಡ್ರಲಾರೆವು. ಶಾಲಾಮಾಸ್ತರರು ಮಳೆಗಾಲಕ್ಕೆ ಮುಂಚೆ ಮನೆಮನೆಗೆ ಹೋಗಿ, ಪೆಟ್ಟಿಗೆಗಳನ್ನು ಗೋಡೆಯಿಂದ ಗೇಣುದೂರಕ್ಕೆ ಸರಿಸಿ ಹಲಗೆಯ ಮೇಲೆ ಎತ್ತರದಲ್ಲಿ ಇರಿಸಿಕೊಡಬೇಕು.