ಸಮ್ಮೇಳನದಲ್ಲಿ ಮಕ್ಕಳ ಪ್ರಶ್ನೆಗೂ ಜಾಗವಿರಲಿ

ವಿದ್ವಾಂಸರ ಸಮ್ಮೇಳನಗಳಿಗೆ ಶಾಲಾ ಮಕ್ಕಳನ್ನು ಕರೆಯುವುದುಂಟು. ಪ್ರಾರ್ಥನೆ ಹಾಡಲು, ಅತಿಥಿಗಳಿಗೆ ಹೂಗುಚ್ಛ ಕೊಡಲು, ಹಿಂದಿನ ಸಾಲಿನ ಖಾಲಿ ಕುರ್ಚಿಗಳನ್ನು ತುಂಬಲು! ಪ್ರಬಂಧ ಮಂಡನೆ ಆರಂಭವಾಗುವ ಹೊತ್ತಿಗೆ ಅವರನ್ನು ಬಸ್ಸು ಹತ್ತಿಸಿಬಿಡುತ್ತಾರೆ. "ಅದೆಲ್ಲ ಮಕ್ಕಳಿಗೆ ಅರ್ಥವಾಗುವುದಿಲ್ಲ" ಎಂಬುದು ದೊಡ್ಡವರ ತೀರ್ಮಾನ. ಇದು ಸರಿಯೇ?

ಇಂಗ್ಲೆಂಡಿನ ಡೆವನ್ ಪ್ರಾಂತ್ಯದಲ್ಲಿ ಬ್ಲ್ಯಾಕಾಟನ್ ಎಂಬ ಹಳ್ಳಿಯಿದೆ. ಅಲ್ಲಿನ ಪ್ರಾಥಮಿಕ ಶಾಲೆಯ 8ರಿಂದ 10 ವರ್ಷದ 25 ಮಕ್ಕಳು, ಬೋ ಲೊಟ್ಟೊ ಎಂಬ ನರವಿಜ್ಞಾನಿಯ ಜೊತೆಗೂಡಿ ದುಂಬಿಗಳ ಮೇಲೆ ಪ್ರಯೋಗ ನಡೆಸಿದರು. ಕೆಲವು ಬಣ್ಣದ ವೃತ್ತಗಳಲ್ಲಿ ಸಕ್ಕರೆ ನೀರು, ಉಳಿದವುಗಳಲ್ಲಿ ಉಪ್ಪು ನೀರು ಇಟ್ಟು, ಬಣ್ಣ ಮತ್ತು ಜೋಡಣೆ ಎರಡನ್ನೂ ಗಮನಿಸಿ ದುಂಬಿಗಳು ಸಿಹಿಯ ಜಾಗವನ್ನು ಕಲಿಯಬಲ್ಲವು ಎಂದು ಕಂಡುಕೊಂಡರು. ಬಣ್ಣದ ಪೆನ್ಸಿಲ್ ಚಿತ್ರಗಳ ಸಮೇತ, ಮಕ್ಕಳದೇ ಮಾತಿನಲ್ಲಿದ್ದ ಆ ಪ್ರಬಂಧವನ್ನು 2010ರ ಡಿಸೆಂಬರಿನಲ್ಲಿ ರಾಯಲ್ ಸೊಸೈಟಿಯ 'ಬಯಾಲಜಿ ಲೆಟರ್ಸ್' ಪತ್ರಿಕೆ ಪ್ರಕಟಿಸಿತು. ಅದು ಪ್ರಕಟವಾದದ್ದು ಮಕ್ಕಳ ಮೇಲಿನ ಕನಿಕರದಿಂದಲ್ಲ. ಅದರಲ್ಲಿ ಹೊಸ ವಿಷಯವಿತ್ತು.

ನಮ್ಮ ದೇಶವೂ ಇದರಲ್ಲಿ ಹಿಂದೆ ಬಿದ್ದಿಲ್ಲ. 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವು 10ರಿಂದ 17 ವರ್ಷದವರಿಗಾಗಿ ರೂಪುಗೊಂಡದ್ದು. ಕರ್ನಾಟಕದಲ್ಲಿ ಅದನ್ನು ಹಳ್ಳಿಯ ಶಾಲೆಗಳಿಗೂ ಮುಟ್ಟಿಸಿದ್ದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. ತಮ್ಮ ಊರಿನದೇ ಒಂದು ಸಮಸ್ಯೆಯನ್ನು ಆರಿಸಿ, ಅಳೆದು, ಲೆಕ್ಕ ಹಾಕಿ, ವರದಿ ಬರೆದು, ತೀರ್ಪುಗಾರರ ಪ್ರಶ್ನೆಗಳಿಗೆ ಉತ್ತರಿಸುವುದು ಅದರ ಕ್ರಮ. ತಾಯ್ನುಡಿಯಲ್ಲೇ ಮಂಡಿಸಲೂ ಅವಕಾಶವಿತ್ತು.

ಹಾಗಾದರೆ ಅಡ್ಡಿ ಎಲ್ಲಿದೆ? ಕ್ಷಮಿಸಿ, ಪೋಷಕರೇ, ಕೆಲವೊಮ್ಮೆ ನಮ್ಮಲ್ಲೇ! ಪ್ರಾಜೆಕ್ಟ್ ಎಂದೊಡನೆ ಅಂತರ್ಜಾಲ ಹುಡುಕುವವರು ಅಪ್ಪ, ಚಾರ್ಟ್ ಬರೆಯುವವರು ಅಮ್ಮ, ಬಾಯಿಪಾಠ ಒಪ್ಪಿಸುವುದು ಮಾತ್ರ ಮಗು. ಪ್ರಮಾಣಪತ್ರ ಮನೆಗೆ ಬರುತ್ತದೆ, ಕಲಿಕೆ ಬರುವುದಿಲ್ಲ. ಅಂಥ ಮಗು ತಜ್ಞರ ಒಂದೇ ಒಂದು "ಏಕೆ?"ಗೆ ತಬ್ಬಿಬ್ಬಾಗುತ್ತದೆ. ತಾನೇ ಅಳೆದು ನೋಡಿದ ಮಗುವಾದರೋ "ಅದನ್ನು ನಾನು ಪರೀಕ್ಷಿಸಿಲ್ಲ" ಎಂದು ಧೈರ್ಯವಾಗಿ ಹೇಳುತ್ತದೆ. ಸಂಶೋಧನೆಯ ಮೊದಲ ಪಾಠ ಅದೇ. ಅಂಕಗಳಿಗೆ ತೊಂದರೆಯಾದೀತು ಎಂಬ ಭಯ ಸಹಜ. ಆದರೆ ಪಾಠವನ್ನು ಅರ್ಥ ಮಾಡಿಕೊಂಡು ಓದುವುದಕ್ಕೆ ಪ್ರಶ್ನೆ ಕೇಳುವ ಅಭ್ಯಾಸಕ್ಕಿಂತ ಒಳ್ಳೆಯ ಸಹಾಯ ಬೇರೆ ಏನಿದೆ?

ವಿದ್ಯಾರ್ಥಿಗಳೇ, ವಿಷಯಕ್ಕಾಗಿ ದೂರ ಹೋಗಬೇಡಿ. ಈ ಕಡಲ ತೀರದ ಬೇಸಿಗೆಯಲ್ಲಿ ನಿಮ್ಮ ಮನೆಯ ಎ.ಸಿ.ಯಿಂದ ದಿನಕ್ಕೆ ಎಷ್ಟು ಲೀಟರ್ ನೀರು ತೊಟ್ಟಿಕ್ಕುತ್ತದೆ? ಬಿಸಿಲಲ್ಲಿ ನಿಂತ ಶಾಲಾ ಬಸ್ಸು ಎಷ್ಟು ಹೊತ್ತಿಗೆ ತಂಪಾಗುತ್ತದೆ? ನಿಮ್ಮ ತರಗತಿಯವರು ಅಜ್ಜಿಯೊಡನೆ ಯಾವ ಭಾಷೆ ಆಡುತ್ತಾರೆ, ತಮ್ಮ ತಂಗಿಯರೊಡನೆ ಯಾವುದು? ಒಂದು ಬಕೆಟ್, ಒಂದು ಥರ್ಮಾಮೀಟರ್, ಒಂದು ನೋಟ್‌ಪುಸ್ತಕ ಸಾಕು.

ಇಲ್ಲಿನ ಸಂಘಟಕರಲ್ಲೂ ಒಂದು ವಿನಂತಿ. ಮುಂದಿನ ಸಮ್ಮೇಳನದಲ್ಲಿ ಮಕ್ಕಳಿಗೆ ಅರ್ಧ ದಿನ ಮೀಸಲಿಡಿ. ಅವರ ಭಿತ್ತಿಪತ್ರದ ಮುಂದೆ ಒಬ್ಬ ತಜ್ಞರು ಹತ್ತು ನಿಮಿಷ ನಿಂತು ಪ್ರಶ್ನೆ ಕೇಳಲಿ. ಹೊಗಳಿಕೆ ಬೇಡ, ಪ್ರಶ್ನೆ ಸಾಕು. ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆ ಎನ್ನುತ್ತೇವಲ್ಲ, ಆ ಮೊಳಕೆಗೆ ಬೆಳಕು ಬೀಳುವ ಜಾಗವನ್ನು ಬಿಟ್ಟುಕೊಡಬೇಕಾದವರು ನಾವು.